ಅಂಗಳಕ್ಕೆ ಶಾಲೆಯನ್ನು ತಂದ ತಾರಾಬಾಯಿ ಮೋಡಕ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚಿತ್ರವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನಗೆ ಆಜ್ಞಾಪಿಸಿದರು. ಕನ್ನಡದ ಕವಿಯೊಬ್ಬರ ಅಥವಾ ಏಕೀಕರಣದ ಹೋರಾಟಗಾರರೊಬ್ಬರ ಹೆಸರನ್ನು ಅವರು ನಿರೀಕ್ಷಿಸಿದ್ದಿರಬೇಕು. ನಾನು ಆರಿಸಿಕೊಂಡದ್ದು ಮರಾಠಿ ಮನೆತನದ ಒಬ್ಬ ಮಹಿಳೆಯನ್ನು. ಗಡಿಭಾಗದ ಕನ್ನಡ ಶಾಲೆಯ ಸಂಚಿಕೆಯಲ್ಲಿ ಇದೇನು ಎಂದು ಹುಬ್ಬೇರಿಸುವವರು ಇರಬಹುದು. ಆದರೆ 28 ವರ್ಷಗಳ ಕಾಲ ಒಂದನೆಯ ತರಗತಿಯ ಮಕ್ಕಳ ನಡುವೆ ಕುಳಿತವನು ನಾನು. ಪ್ರತಿ ಜೂನ್ ತಿಂಗಳಲ್ಲಿ ತಾಯಿಯ ಸೆರಗನ್ನು ಬಿಡದೆ ಅಳುವ ಮಕ್ಕಳನ್ನು ಒಳಕ್ಕೆ ಕರೆದುಕೊಂಡವನು. ಆ ಅಳುವಿಗೆ ಕಾರಣವನ್ನು ಮಗುವಿನಲ್ಲಿ ಹುಡುಕದೆ ಶಾಲೆಯಲ್ಲಿ ಹುಡುಕಿದವರು ನಮ್ಮ ದೇಶದಲ್ಲಿ ಕೆಲವರೇ. ಅವರಲ್ಲಿ ತಾರಾಬಾಯಿ ಮೋಡಕರು ಅಗ್ರಗಣ್ಯರು.

ತಾರಾಬಾಯಿಯವರು 1892ರ ಏಪ್ರಿಲ್ 19ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಸದಾಶಿವರಾವ್ ಕೇಳ್ಕರ್, ತಾಯಿ ಉಮಾಬಾಯಿ. ಪ್ರಾರ್ಥನಾ ಸಮಾಜದ ಸುಧಾರಣೆಯ ಗಾಳಿ ಬೀಸುತ್ತಿದ್ದ ಮನೆ. ಹೆಣ್ಣುಮಕ್ಕಳು ನಾಲ್ಕಕ್ಷರ ಕಲಿಯುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು 1914ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾದರು. ಅಮರಾವತಿಯ ವಕೀಲರಾದ ಕೆ. ವಿ. ಮೋಡಕರೊಡನೆ ವಿವಾಹವಾಯಿತು, ಆ ದಾಂಪತ್ಯ ಬಹುಕಾಲ ಬಾಳಲಿಲ್ಲ. ಒಬ್ಬಳೇ ಮಗಳನ್ನು ಕಟ್ಟಿಕೊಂಡು, ಪತಿಯಿಂದ ಬೇರೆಯಾಗಿ, ಸ್ವಂತ ದುಡಿಮೆಯಿಂದ ಬದುಕುವ ನಿರ್ಧಾರವನ್ನು ಅವರು ಕೈಗೊಂಡರು. ಆ ಕಾಲದ ಸಮಾಜದಲ್ಲಿ ಅದು ಎಂತಹ ಧೈರ್ಯದ ಮಾತೆಂಬುದನ್ನು ನಮ್ಮ ಹಿರಿಯ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ರಾಜಕೋಟೆಯ ಬಾರ್ಟನ್ ಸ್ತ್ರೀ ತರಬೇತಿ ಕಾಲೇಜಿನಲ್ಲಿ ಅವರು ಪ್ರಾಂಶುಪಾಲರಾದರು. ಒಳ್ಳೆಯ ಸಂಬಳ, ಗೌರವದ ಹುದ್ದೆ. ಅಲ್ಲಿದ್ದಾಗ ಭಾವನಗರದ ದಕ್ಷಿಣಾಮೂರ್ತಿ ಬಾಲಮಂದಿರದ ಸಂಗತಿ ಅವರ ಕಿವಿಗೆ ಬಿದ್ದಿತು. ವಕೀಲಿ ವೃತ್ತಿಯನ್ನು ತೊರೆದು ಬಂದ ಗಿಜುಭಾಯಿ ಬಧೇಕಾ ಎಂಬವರು 1920ರಲ್ಲಿ ಆರಂಭಿಸಿದ ಶಿಶುಶಾಲೆ ಅದು. ತಮ್ಮ ಸ್ವಂತ ಮಗನಿಗೆ ತಕ್ಕ ಶಾಲೆಯನ್ನು ಹುಡುಕುತ್ತ ಹೋಗಿ ಊರ ಮಕ್ಕಳೆಲ್ಲರ ಗುರುವಾದವರು ಗಿಜುಭಾಯಿ. ಗುಜರಾತಿನ ಜನ ಅವರನ್ನು ಮೀಸೆಯ ತಾಯಿ ಎಂದು ಪ್ರೀತಿಯಿಂದ ಕರೆಯುತ್ತಿದ್ದರು. 1923ರಲ್ಲಿ ತಾರಾಬಾಯಿಯವರು ರಾಜಕೋಟೆಯ ಹುದ್ದೆಯನ್ನು ಬಿಟ್ಟು ಅವರ ಸಹಾಯಕಿಯಾಗಿ ಭಾವನಗರಕ್ಕೆ ಬಂದರು. ಮರಾಠಿ ಮನೆಮಾತಿನ ಹೆಣ್ಣುಮಗಳು ಗುಜರಾತಿ ಮಕ್ಕಳಿಗೆ ಗುಜರಾತಿಯಲ್ಲಿಯೇ ಕಥೆ ಹೇಳತೊಡಗಿದರು. ಮಗುವಿನ ಭಾಷೆಯನ್ನು ಶಿಕ್ಷಕಿ ಕಲಿಯಬೇಕೇ ಹೊರತು, ಮೂರು ವರ್ಷದ ಮಗು ಶಿಕ್ಷಕಿಯ ಭಾಷೆಯನ್ನು ಕಲಿತು ಬರಬೇಕೆಂಬ ನಿರೀಕ್ಷೆ ಅಲ್ಲಿರಲಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಜರ್ಮನಿಯ ಫ್ರೋಬೆಲ್ ಮಹಾಶಯನು ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂಬ ಹೆಸರನ್ನು ಲೋಕಕ್ಕೆ ಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದರು. ಭಾವನಗರದವರು ಈ ವಿದ್ಯೆಯನ್ನು ನಮ್ಮ ನೆಲಕ್ಕೆ ಹೊಂದಿಸಿದರು. ಬೆತ್ತವಿಲ್ಲ, ಉರು ಹೊಡೆಸುವುದಿಲ್ಲ, ಪರೀಕ್ಷೆಯ ಭಯವಿಲ್ಲ. ಮಣಿ ಪೋಣಿಸುವುದು, ಗುಂಡಿ ಹಾಕುವುದು, ನೀರು ಚೆಲ್ಲದಂತೆ ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಸುರಿಯುವುದು, ಕಥೆ ಕೇಳುವುದು, ಹಾಡುವುದು ಇವೇ ಅಲ್ಲಿಯ ಪಾಠಗಳು. ಅಕ್ಷರವು ಕಣ್ಣಿಗಿಂತ ಮೊದಲು ಬೆರಳಿಗೆ ಪರಿಚಯವಾಗುತ್ತಿತ್ತು. 1926ರಲ್ಲಿ ಗಿಜುಭಾಯಿ ಮತ್ತು ತಾರಾಬಾಯಿ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಸಂಘದ ಶಿಕ್ಷಣ ಪತ್ರಿಕೆಯ ಮರಾಠಿ ಆವೃತ್ತಿಯನ್ನು ತಾರಾಬಾಯಿಯವರು ಸಂಪಾದಿಸಿದರು.

1936ರಲ್ಲಿ ಮುಂಬಯಿಯ ದಾದರಿನಲ್ಲಿ ಶಿಶುವಿಹಾರ ಆರಂಭವಾಯಿತು. ಶಿಕ್ಷಕಿಯರ ತರಬೇತಿಯೂ ಜೊತೆಗೂಡಿತು. ಆಗ ನಮ್ಮ ಮಾಕಣಿ, ಉಮರ್ಗಾ, ನಿಲಂಗಾ, ಉದಗೀರ್ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿತ್ತು. ಉರ್ದುವಿನ ದರ್ಬಾರು, ಬೇಸಾಯಗಾರನ ಮಗ ಓದಿದರೆ ಊರಿಗೇ ಸುದ್ದಿ. ಶಿಶುಶಾಲೆಯ ಕಲ್ಪನೆಯೇ ನಮ್ಮ ಹಿರಿಯರಿಗೆ ಇರಲಿಲ್ಲ. ದಾದರಿನ ಶಾಲೆಗಾದರೂ ಬರುತ್ತಿದ್ದವರು ಓದುಬರಹ ಬಲ್ಲ ಮಧ್ಯಮ ವರ್ಗದವರ ಮಕ್ಕಳು. ಮಾಂಟೆಸ್ಸರಿ ಸಾಧನಗಳ ಬೆಲೆಯೂ ಹಳ್ಳಿಗೆ ಎಟುಕುವಂತಹುದಲ್ಲ. ಹಳ್ಳಿಯ ಬಡ ಮಗುವಿಗೆ ಇದು ಹೇಗೆ ತಲುಪೀತು? ಗಾಂಧೀಜಿಯವರ ನಯೀ ತಾಲೀಮ್ ಚಿಂತನೆಯೂ ಆ ವೇಳೆಗೆ ಶಾಲೆಗಿಂತ ಮುಂಚಿನ ವಯಸ್ಸಿನ ಮಕ್ಕಳತ್ತ ತಿರುಗಿತ್ತು.

1945ರಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ತಾರಾಬಾಯಿಯವರು ಮುಂಬಯಿಯನ್ನು ಬಿಟ್ಟು ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಸಮುದ್ರ ತೀರದ ಹಳ್ಳಿಗೆ ಹೋಗಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ತೆರೆದರು. ಅದೇ ವರ್ಷ ಆ ಸೀಮೆಯ ವಾರ್ಲಿ ಆದಿವಾಸಿಗಳು ಬಿಟ್ಟಿ ದುಡಿಮೆಯ ವಿರುದ್ಧ ಎದ್ದು ನಿಂತಿದ್ದರು. ಅನುತಾಯಿ ವಾಘ್ ಎಂಬ ಶಿಕ್ಷಕಿ ಅವರೊಡನೆ ಕೂಡಿಕೊಂಡರು. ಬಾಲ್ಯದಲ್ಲಿಯೇ ವಿವಾಹವಾಗಿ, ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಆಮೇಲೆ ಓದಿ ಮೇಲೆ ಬಂದವರು ಅನುತಾಯಿ.

ಬಾಲವಾಡಿ ಸಿದ್ಧವಾಯಿತು. ಆದರೆ ದಲಿತರ ಕೇರಿಯಿಂದ, ಆದಿವಾಸಿಗಳ ಹಾಡಿಯಿಂದ ಮಕ್ಕಳು ಬರಲಿಲ್ಲ. ತಂದೆ ತಾಯಿ ಕೂಲಿಗೆ ಹೋದ ಮೇಲೆ ಮಗುವನ್ನು ಮೀಯಿಸಿ, ತಲೆ ಬಾಚಿ, ಹೊತ್ತಿಗೆ ಸರಿಯಾಗಿ ಶಾಲೆಗೆ ಬಿಡುವವರು ಯಾರು? ಇಂತಹ ಸಂದರ್ಭದಲ್ಲಿ ಊರವರಿಗೆ ವಿದ್ಯೆಯ ಬೆಲೆ ತಿಳಿಯದೆಂದು ವರದಿ ಬರೆದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ತಾರಾಬಾಯಿಯವರು ಹಾಗೆ ಮಾಡಲಿಲ್ಲ. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಬೇಕೆಂದು ನಿಶ್ಚಯಿಸಿದರು. ಗುಡಿಸಲುಗಳ ನಡುವಣ ಅಂಗಳವನ್ನು ಗುಡಿಸಿ, ಮಕ್ಕಳನ್ನು ಸೇರಿಸಿ, ಮೊದಲು ಮುಖ ತೊಳೆಸಿ, ಉಗುರು ಕತ್ತರಿಸಿ, ತಲೆ ಬಾಚಿ, ಆಮೇಲೆ ಹಾಡು, ಆಟ, ಕಥೆ. ಬೆಲೆಬಾಳುವ ಸಾಧನಗಳ ಸ್ಥಾನಕ್ಕೆ ಬೆಣಚುಕಲ್ಲು, ಕಪ್ಪೆಚಿಪ್ಪು, ಬೀಜ, ಎಲೆ, ಹೂವು ಬಂದವು. ಎಣಿಸುವುದಕ್ಕೆ ಬೀಜ, ಬಣ್ಣ ತಿಳಿಯುವುದಕ್ಕೆ ಹೂವು, ಆಕಾರ ತಿಳಿಯುವುದಕ್ಕೆ ಎಲೆ. ನಮ್ಮಲ್ಲಿಯೂ ಹುಣಸೆಬೀಜ, ತೊಗರಿಕಾಳು, ಜೋಳದ ದಂಟು ಯಾವ ಮನೆಯಲ್ಲಿ ಇಲ್ಲ? ದಂಟಿನಲ್ಲಿ ಬಂಡಿ ಕಟ್ಟಿ ಆಡದ ಹುಡುಗ ನಮ್ಮ ವಯಸ್ಸಿನವರಲ್ಲಿ ಒಬ್ಬನೂ ಇರಲಾರ. ಅಂಗಳದ ಆ ಬಾಲವಾಡಿಯೇ ಅಂಗನವಾಡಿಯ ಮೂಲ. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ವಿಭಾಗಗಳಲ್ಲಿ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಇದೇ ಹೆಸರು ಬಂದಿತು.

1957ರಲ್ಲಿ ಕೇಂದ್ರವು ಡಹಾಣು ಸಮೀಪದ ಕೋಸಬಾಡ ಗುಡ್ಡಕ್ಕೆ, ವಾರ್ಲಿಗಳ ನಡುವಿಗೇ ಹೋಯಿತು. ನನ್ನ ದೃಷ್ಟಿಯಲ್ಲಿ ತಾರಾಬಾಯಿಯವರ ಅತ್ಯಂತ ಮುಖ್ಯವಾದ ಕಾರ್ಯ ನಡೆದದ್ದು ಇಲ್ಲಿ. ಬಾಲವಾಡಿಯಲ್ಲಿ ನಕ್ಕು ನಲಿದ ಮಗು ಆರು ವರ್ಷಕ್ಕೆ ಪ್ರಾಥಮಿಕ ಶಾಲೆಗೆ ಹೋದೊಡನೆ ಏಕೆ ಬಾಡುತ್ತದೆ, ಏಕೆ ಶಾಲೆ ಬಿಡುತ್ತದೆ ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡರು. ಉತ್ತರ ಕಣ್ಣೆದುರಿಗೇ ಇತ್ತು. ಹುಡುಗ ದನ ಕಾಯಬೇಕು. ಹುಡುಗಿ ತಮ್ಮನನ್ನು ಎತ್ತಿಕೊಳ್ಳಬೇಕು. ದನ ಮೇಯುವ ಹುಲ್ಲುಗಾವಲಿಗೇ ಪಾಠವನ್ನು ಕೊಂಡೊಯ್ದರು. ಅದು ಕುರಣಶಾಲೆ ಎಂದು ಹೆಸರಾಯಿತು. ಹುಡುಗಿಯರಿಗಾಗಿ ಕೂಸುಗಳ ಪಾಲನಾಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಇರಿಸಿ ಅದಕ್ಕೆ ವಿಕಾಸವಾಡಿ ಎಂದು ಹೆಸರಿಟ್ಟರು. ಅಕ್ಕ ಒಂದನೆಯ ತರಗತಿಯಲ್ಲಿ ಓದುತ್ತಿದ್ದರೆ ತಮ್ಮ ಪಕ್ಕದ ಕೋಣೆಯ ತೊಟ್ಟಿಲಲ್ಲಿ ಮಲಗಿರುತ್ತಿದ್ದ. ಬಾಲವಾಡಿಯ ಮಗು ದಿನವೂ ದೊಡ್ಡವರ ತರಗತಿಯನ್ನು ನೋಡಿ ಬೆಳೆಯುತ್ತಿತ್ತು. ಒಂದು ದಿನ ಅಲ್ಲಿಯೇ ಕುಳಿತುಕೊಳ್ಳುತ್ತಿತ್ತು. ಹೊಸ್ತಿಲು ದಾಟಿದ್ದು ಅದಕ್ಕೆ ತಿಳಿಯುತ್ತಲೂ ಇರಲಿಲ್ಲ.

ನಮ್ಮ ಮಕ್ಕಳ ಹೊಸ್ತಿಲು ಅಷ್ಟು ತಗ್ಗಿನದಲ್ಲ. ಮನೆಯಲ್ಲಿ ಅವ್ವ, ಆಯಿ, ಮುತ್ಯಾ ಆಡುವುದು ಕನ್ನಡ. ಮೂರನೆಯ ವರ್ಷಕ್ಕೆ ಬಾಲವಾಡಿಗೆ ಹೋದರೆ ಬಾಯಿ ಹೇಳಿಕೊಡುವುದು ಮರಾಠಿ ಹಾಡು. ಆರನೆಯ ವರ್ಷಕ್ಕೆ ನಮ್ಮ ಶಾಲೆಗೆ ಬಂದರೆ ಪಾಟಿಯ ಮೇಲೆ ಮನೆಯ ಆಡುಮಾತಿಗಿಂತ ಬೇರೆಯಾದ ಪುಸ್ತಕದ ಕನ್ನಡ. ಮೂರು ವರ್ಷಗಳಲ್ಲಿ ಮೂರು ನುಡಿಗಳನ್ನು ದಾಟಿ ಬಂದ ಮಗು ಮೊದಲ ತಿಂಗಳು ಮೌನವಾಗಿ ಕುಳಿತಿದ್ದರೆ ಅದನ್ನು ದಡ್ಡನೆಂದು ಕರೆಯುವುದು ಅನ್ಯಾಯ. ಮರಾಠಿಯ ಮೇಲೆ ನನಗೆ ಮುನಿಸಿಲ್ಲ. ಅದು ನಮ್ಮ ಸಂತೆಯ ಭಾಷೆ, ನೆರೆಯವರ ಭಾಷೆ, ತುಕಾರಾಮರ ಭಾಷೆ. ಕೋಸಬಾಡದ ವಾರ್ಲಿ ಮಗುವಿಗೂ ಪುಸ್ತಕದ ಮರಾಠಿ ಮನೆಮಾತಾಗಿರಲಿಲ್ಲವೆಂಬುದನ್ನು ನೆನೆದರೆ, ತಾರಾಬಾಯಿಯವರು ನಮ್ಮ ಕಷ್ಟವನ್ನು ಯಾರಿಗಿಂತಲೂ ಚೆನ್ನಾಗಿ ಅರಿಯುತ್ತಿದ್ದರೆಂದು ನನಗೆ ತೋರುತ್ತದೆ. ಈಚೆಗೆ ಬಾಲವಾಡಿಯಿಂದ ನೇರವಾಗಿ ಪಟ್ಟಣದ ಇಂಗ್ಲಿಷ್ ಶಾಲೆಯ ಗಾಡಿಯನ್ನು ಹತ್ತುವ ಮಕ್ಕಳೂ ಹೆಚ್ಚಿದ್ದಾರೆ. ಒಂದನೆಯ ತರಗತಿಯ ಹಾಜರಿ ಪುಸ್ತಕವನ್ನು ಕೂಗಿದವನಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ.

1993ರ ಸೆಪ್ಟೆಂಬರ್ 30ರ ಭೂಕಂಪದ ನಂತರದ ದಿನಗಳನ್ನೂ ಇಲ್ಲಿ ನೆನೆಯಬೇಕು. ಕಿಲ್ಲಾರಿ, ಸಾಸ್ತೂರು ಸುತ್ತಲಿನ ಕಲ್ಲುಮಣ್ಣಿನ ಮನೆಗಳು ನೆಲಸಮವಾಗಿ ಸಾವಿರಾರು ಜನ ಮಡಿದ ಆ ತಿಂಗಳುಗಳಲ್ಲಿ ಚಿಕ್ಕ ಮಕ್ಕಳು ಗೋಡೆಯಿರುವ ಕೋಣೆಯೊಳಗೆ ಬರಲು ಹೆದರುತ್ತಿದ್ದರು. ಬೇವಿನ ಮರದ ಕೆಳಗೆ ಅಂಗಳದಲ್ಲಿ ಕೂರಿಸಿ ಹುಣಸೆಬೀಜ ಕೊಟ್ಟರೆ ಎಣಿಸುತ್ತಿದ್ದರು. ಬೋರ್ಡಿಯ ಅಂಗಳದ ಬೆಲೆ ನನಗೆ ಪುಸ್ತಕದಿಂದಲ್ಲ, ಆಗ ತಿಳಿಯಿತು.

ತಾರಾಬಾಯಿಯವರು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಮುಂಬಯಿ ವಿಧಾನಸಭೆಯ ಸದಸ್ಯೆಯಾಗಿದ್ದರು. 1962ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು. 1973ರಲ್ಲಿ ನಿಧನರಾದರು. ಅವರ ಕಾರ್ಯವನ್ನು ಅನುತಾಯಿ ವಾಘರು 1992ರಲ್ಲಿ ತಾವು ಕಣ್ಮುಚ್ಚುವವರೆಗೂ ಕೋಸಬಾಡದಲ್ಲಿ ನಡೆಸಿಕೊಂಡು ಬಂದರು.

ಮಹೋತ್ಸವದ ನಿಧಿಯಿಂದ ಶಾಲೆಗೆ ಮಹಾದ್ವಾರವನ್ನು ಕಟ್ಟಿಸಬೇಕೆಂಬ ಸೂಚನೆ ಸಮಿತಿಯ ಮುಂದೆ ಇದೆ. ಹಳೆಯ ವಿದ್ಯಾರ್ಥಿ ಬಂಧುಗಳ ಉತ್ಸಾಹ ದೊಡ್ಡದು, ಸಂತೋಷ. ಆದರೂ ವಯಸ್ಸಿನ ಸಲಿಗೆಯಿಂದ ನನ್ನದೊಂದು ವಿನಂತಿಯನ್ನು ಇಲ್ಲಿಯೇ ಅಚ್ಚಿಗೆ ಕೊಡುತ್ತಿದ್ದೇನೆ. ಒಂದನೆಯ ತರಗತಿಗೆ ಹೊಂದಿಕೊಂಡ ಮೂಡಣ ಕೋಣೆ ಬಹುಕಾಲದಿಂದ ಮುರಿದ ಬೆಂಚುಗಳಿಗೆ ಮೀಸಲಾಗಿದೆ. ಅದನ್ನು ಬರಿದು ಮಾಡಿ, ಸುಣ್ಣ ಬಳಿಸಿ, ಮಕ್ಕಳ ಕೈಗೆಟುಕುವ ಎತ್ತರಕ್ಕೆ ಒಂದು ಗೂಡು, ಕೈತೊಳೆಯಲು ತಗ್ಗಿನ ನಲ್ಲಿ, ಕೂರಲು ಚಾಪೆ ಇಷ್ಟನ್ನು ಒದಗಿಸಬೇಕು. ಮನೆಯ ಕನ್ನಡದಲ್ಲಿ ಕಥೆ ಹೇಳಬಲ್ಲ ಅಕ್ಕೋರೊಬ್ಬರನ್ನು ಊರಿನಿಂದಲೇ ಆರಿಸಿ, ಮೂರರಿಂದ ಆರು ವರ್ಷದ ಮಕ್ಕಳನ್ನು ಮುಂದಿನ ಜೂನ್ ತಿಂಗಳಿನಿಂದ ಅಲ್ಲಿ ಕೂರಿಸಬಹುದು. ಎರಡು ಕೋಣೆಗಳ ನಡುವೆ ಈಗಾಗಲೇ ಒಂದು ಬಾಗಿಲಿದೆ. ಅದರ ಚಿಲಕ ತುಕ್ಕು ಹಿಡಿದಿದೆ. ಬಡಗಿಗೆ ಅರ್ಧ ದಿನದ ಕೆಲಸ.