ಕಪ್ಪುಕುಳಿಯ ನಾದ ಗುರುತಿಸಿದ ವಿಶ್ವೇಶ್ವರ

ಕನ್ನಡದ ಹಿರಿಯ ಸಾಹಿತಿ ಸಿ.ಕೆ. ವೆಂಕಟರಾಮಯ್ಯ ಅವರ ಪುತ್ರ ಸಿ.ವಿ. ವಿಶ್ವೇಶ್ವರ ಜನಿಸಿದ್ದು 1938ರ ಮಾರ್ಚ್ 6ರಂದು, ಬೆಂಗಳೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ಅವರು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಗಳಿಸಿದರು.

ಕಪ್ಪುಕುಳಿಯ ಅಸ್ತಿತ್ವವನ್ನೇ ಹಲವು ವಿಜ್ಞಾನಿಗಳು ಶಂಕಿಸುತ್ತಿದ್ದ ಕಾಲವದು. ತುಸು ಅಲುಗಿಸಿದರೆ ಅಂಥ ಕಾಯ ಉಳಿದೀತೇ? ಉಳಿಯುತ್ತದೆಂದು ವಿಶ್ವೇಶ್ವರ ಗಣಿತದ ಮೂಲಕ ತೋರಿಸಿದರು. ಮುಂದಿನ ಪ್ರಶ್ನೆ ಇನ್ನೂ ಜಟಿಲವಾಗಿತ್ತು. ಬೆಳಕನ್ನೇ ಹೊರಬಿಡದ ವಸ್ತುವನ್ನು ಗುರುತಿಸುವುದೆಂತು? ಗುರುತ್ವದ ಅಲೆಯೊಂದು ಅದಕ್ಕೆ ಬಡಿದರೆ ಏನಾದೀತೆಂದು ಅವರು ಗಣಕಯಂತ್ರದಲ್ಲಿ ಲೆಕ್ಕ ಹಾಕಿದರು. ಅಗಲವಾದ ಅಲೆಗಳಿಂದ ವಿಶೇಷವೇನೂ ತಿಳಿಯಲಿಲ್ಲ. ಅಲೆಯನ್ನು ಕಿರಿದುಗೊಳಿಸುತ್ತ ಕಪ್ಪುಕುಳಿಯ ಗಾತ್ರಕ್ಕೆ ತಂದಾಗ, ಬಾರಿಸಿದ ಗಂಟೆಯಂತೆ ಮೊಳಗಿ ಬೇಗನೆ ಅಡಗುವ ಕಂಪನ ಗೋಚರಿಸಿತು. ಈ ಫಲಿತಾಂಶ 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ನಾದದ ಶ್ರುತಿಯನ್ನೂ ಅದು ಅಡಗುವ ವೇಗವನ್ನೂ ನಿರ್ಧರಿಸುವುದು ಕಪ್ಪುಕುಳಿಯ ದ್ರವ್ಯರಾಶಿ ಮತ್ತು ಭ್ರಮಣೆ ಮಾತ್ರ.

ಸ್ವದೇಶಕ್ಕೆ ಮರಳಿದ ಬಳಿಕ ರಾಮನ್ ಸಂಶೋಧನಾ ಸಂಸ್ಥೆ ಹಾಗೂ ಭಾರತೀಯ ಖಭೌತ ಸಂಸ್ಥೆಗಳಲ್ಲಿ ದುಡಿದರು. ಬೆಂಗಳೂರಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ವ್ಯಂಗ್ಯಚಿತ್ರ ಬರೆಯುವ ಹವ್ಯಾಸವಿದ್ದ ವಿಜ್ಞಾನಿ!

ಆ ನಾದ ನಿಜವಾಗಿ ಕೇಳಿಸಲು ನಾಲ್ಕೂವರೆ ದಶಕಗಳೇ ಬೇಕಾದವು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳ ವಿಲೀನವನ್ನು ದಾಖಲಿಸಿದವು. 2016ರ ಫೆಬ್ರುವರಿಯಲ್ಲಿ ಅದು ಘೋಷಣೆಯಾದಾಗ ವಿಶ್ವೇಶ್ವರ ನಮ್ಮೊಡನಿದ್ದರು. ಮರುವರ್ಷ ಜನವರಿ 16ರಂದು ನಿಧನರಾದರು.

ಇಂದು ಅವರ ಲೆಕ್ಕಾಚಾರಕ್ಕೆ ಹೊಸದೊಂದು ಕೆಲಸ ಒದಗಿದೆ. ಕಪ್ಪುಕುಳಿಯ ವೇಷ ತೊಟ್ಟ ಬೇರೆ ಕಾಯಗಳೂ ಇರಬಹುದೆಂಬುದು ಕೆಲವು ಸಿದ್ಧಾಂತಿಗಳ ಊಹೆ. ಬೋಸಾನ್ ನಕ್ಷತ್ರ, ಗ್ರಾವಾಸ್ಟಾರ್ ಅಂಥವು. ಒಳಬಿದ್ದದ್ದನ್ನು ಹಿಂದಿರುಗಿಸದ ಗಡಿ ಅವಕ್ಕಿಲ್ಲ. ಆದ್ದರಿಂದ ಮೊಳಗು ಅಡಗಿದ ಮೇಲೆ ಮಾರ್ದನಿ ಬರಬಹುದು. ಖಚಿತವಾದ ಮಾರ್ದನಿ ಈವರೆಗೆ ಸಿಕ್ಕಿಲ್ಲ. 2025ರ ಜನವರಿ 14ರಂದು ದೊರೆತ, ಹಿಂದೆಂದಿಗಿಂತ ಸ್ಪಷ್ಟವಾದ ಸಂಕೇತವೂ ಅಪ್ಪಟ ಕಪ್ಪುಕುಳಿಯ ಶ್ರುತಿಗೇ ಹೊಂದಿತು.

ಈ ಶೋಧಕ್ಕೆ ಭಾರತದಲ್ಲೂ ಕಿವಿಯೊಂದು ಸಿದ್ಧವಾಗಲಿದೆ. ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿಯ ಲೈಗೊ-ಇಂಡಿಯಾ ಯೋಜನೆಗೆ ಒಪ್ಪಿಗೆ ನೀಡಿತು. ಗೊತ್ತುಪಡಿಸಿದ ಸ್ಥಳ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿದೆ. ನಕ್ಷೆ ಬಿಡಿಸಿ ನೋಡಿದರೆ ಅದು ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಬಹುತೇಕ ನೇರ ಉತ್ತರಕ್ಕೆ, 400 ಕಿ.ಮೀ. ಆಸುಪಾಸಿನಲ್ಲಿ ಕಾಣುತ್ತದೆ.