ಪ್ರೊಫೆಸರ್ ಹಿರಿಯಣ್ಣನವರು

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡು, ಬೇಲೂರುಗಳಿಗೆ ತೆರಳುವ ಯಾತ್ರಿಕರು ಶಿಲ್ಪವನ್ನು ನೋಡಿ ಬೆರಗಾಗುವರೇ ಹೊರತು, ಆ ಊರುಗಳಲ್ಲಿ ನೆಲೆಸಿದ್ದ ವಿಚಾರಸಂಪ್ರದಾಯವನ್ನು ಗಮನಿಸುವವರು ವಿರಳ. ಅರಸೀಕೆರೆಯಲ್ಲಿ ಈಶ್ವರಾಲಯವೂ ಸಹಸ್ರಕೂಟ ಜಿನಾಲಯವೂ ಒಂದೇ ಊರಿನವು. ಹಳೇಬೀಡಿನ ಹೊಯ್ಸಳೇಶ್ವರನಿಗೆ ಪಾರ್ಶ್ವನಾಥ ಬಸದಿಯು ನೆರೆ. ಬೇಲೂರಿನ ಕೇಶವನನ್ನು ಕುರಿತ ಪ್ರಸಿದ್ಧ ಶ್ಲೋಕವಾದರೋ, ಶೈವ, ವೇದಾಂತಿ, ಬೌದ್ಧ, ನೈಯಾಯಿಕ, ಜೈನ, ಮೀಮಾಂಸಕರು ಆತನನ್ನು ಯಾವ ಯಾವ ಹೆಸರಿನಿಂದ ಕಾಣುವರೆಂಬುದನ್ನು ಒಬ್ಬರನ್ನೂ ಹಳಿಯದೆ ಹೇಳುತ್ತದೆ. ಪರರ ಮತವನ್ನು ಅವರೇ ಒಪ್ಪುವಂತೆ ನಿರೂಪಿಸುವ ಈ ಶಕ್ತಿಯನ್ನು ವಿಶ್ವವಿದ್ಯಾನಿಲಯದ ಪಾಠದಲ್ಲಿ ಬೆಳೆಸಿದವರಲ್ಲಿ ಮೈಸೂರಿನ ಎಂ. ಹಿರಿಯಣ್ಣನವರು ಅಗ್ರಗಣ್ಯರು.

ಅವರು 1871ರಲ್ಲಿ ಮೈಸೂರಿನಲ್ಲಿ ಜನಿಸಿ, ಮದರಾಸಿನಲ್ಲಿ ಉಚ್ಚಶಿಕ್ಷಣವನ್ನು ಪಡೆದು, ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಕೆಲಸಮಾಡಿ, 1912ರಲ್ಲಿ ಮಹಾರಾಜಾ ಕಾಲೇಜನ್ನು ಸೇರಿದರು. ಅವರ ಹುದ್ದೆ ಸಂಸ್ಕೃತದ್ದು. ಆದರೆ ದರ್ಶನಶಾಸ್ತ್ರದ ವಿದ್ಯಾರ್ಥಿಗಳೂ ಅವರ ಶಿಷ್ಯರೇ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಅದೇ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹಿರಿಯಣ್ಣನವರು 1927ರಲ್ಲಿ ನಿವೃತ್ತರಾದರು.

ತರಗತಿಯಲ್ಲಿ ಅನೇಕ ವರ್ಷಗಳು ಮಾಡಿದ ಉಪನ್ಯಾಸಗಳೇ 1932ರಲ್ಲಿ ಭಾರತೀಯ ತತ್ತ್ವಶಾಸ್ತ್ರದ ರೂಪರೇಷೆಗಳನ್ನು ತಿಳಿಸುವ ಇಂಗ್ಲಿಷ್ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದುವು. ಅದರಲ್ಲಿ ಚಾರ್ವಾಕರ ಪ್ರಕರಣವನ್ನು ನಮ್ಮ ವಾಚಕರು ವಿಶೇಷವಾಗಿ ನೋಡಬೇಕು. ಆ ಮತವು ನಮಗೆ ತಿಳಿದುಬಂದಿರುವುದು ಬಹುಮಟ್ಟಿಗೆ ಅದರ ವಿರೋಧಿಗಳ ಬಾಯಿಂದ. ಆದಕಾರಣ ಅದನ್ನು ಹಾಸ್ಯಾಸ್ಪದವೆಂದು ತಳ್ಳಿಬಿಡುವುದು ನ್ಯಾಯವಲ್ಲವೆಂಬ ಎಚ್ಚರವು ಅಲ್ಲಿದೆ. ಪೂರ್ವಪಕ್ಷವನ್ನು ಬಲವಾಗಿ ಕಟ್ಟದೆ ಸಿದ್ಧಾಂತಕ್ಕೆ ಬೆಲೆಯಿಲ್ಲವೆಂಬುದು ನಮ್ಮ ಶಾಸ್ತ್ರಗಳ ಹಳೆಯ ನಿಯಮ. ಈ ಅಭ್ಯಾಸದಿಂದ ಅನ್ನ ಹುಟ್ಟುವುದೇ ಎಂದು ಕೇಳುವ ತಂದೆತಾಯಿಗಳುಂಟು. ವಾದಿ ಪ್ರತಿವಾದಿಗಳಿಬ್ಬರನ್ನೂ ಕೇಳಿ ತೀರ್ಪು ಬರೆಯಬೇಕಾದ ನ್ಯಾಯಾಧೀಶರಿಗೂ, ಅರ್ಜಿಯ ಮೇಲೆ ಟಿಪ್ಪಣಿ ಬರೆಯುವ ಅಧಿಕಾರಿಗಳಿಗೂ ಇದಕ್ಕಿಂತ ಹೆಚ್ಚಿನ ಶಿಕ್ಷಣ ಯಾವುದೆಂದು ನಾವು ಅವರನ್ನು ಮರಳಿ ಕೇಳುತ್ತೇವೆ. ಪತ್ರಿಕೆಯವರಾದ ನಮಗಂತೂ ಇದರ ಕೊರತೆ ದಿನವೂ ತಿಳಿಯುತ್ತದೆ.

ಆ ಗ್ರಂಥದಲ್ಲಿ ಒಂದು ಲೋಪವೂ ಇದ್ದಿತು. ಅದ್ವೈತ, ವಿಶಿಷ್ಟಾದ್ವೈತಗಳಿಗೆ ಪ್ರಕರಣಗಳಿದ್ದುವು. ಕನ್ನಡ ನಾಡಿನಲ್ಲಿಯೇ ಹುಟ್ಟಿದ ಮಧ್ವಸಿದ್ಧಾಂತಕ್ಕೆ ಇರಲಿಲ್ಲ. ಹದಿನೇಳು ವರ್ಷಗಳ ಬಳಿಕ, 1949ರಲ್ಲಿ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಹೊರಬಂದ ಎರಡನೆಯ ಗ್ರಂಥದಲ್ಲಿ ಅವರು ದ್ವೈತಕ್ಕೂ ಸ್ಥಾನವನ್ನು ಕಲ್ಪಿಸಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಕಾಲವಾದರು.