ನೋಟ್‌ಬುಕ್ಕಿನ ಹಾಳೆಯಲ್ಲಿ ಸೋಸಿದ ಕಾಫಿ

ಜರ್ಮನಿಯಲ್ಲಿರುವ ನಮ್ಮವರ ಅಡುಗೆಮನೆಯಲ್ಲಿ ಊರಿನಿಂದ ಒಯ್ದ ಹಿತ್ತಾಳೆ ಫಿಲ್ಟರಿನ ಪಕ್ಕದಲ್ಲೇ ಕಾಗದದ ಫಿಲ್ಟರಿನ ಪೊಟ್ಟಣವೂ ಇರುವುದುಂಟು. ಅದರ ಮೇಲಿನ ‘ಮೆಲಿಟ್ಟಾ’ ಎಂಬ ಹೆಸರು ಒಬ್ಬ ಗೃಹಿಣಿಯದು ಎಂದು ಎಷ್ಟು ಮಂದಿಗೆ ಗೊತ್ತೋ!

ಮೆಲಿಟ್ಟಾ ಬೆಂಟ್ಸ್ ಹುಟ್ಟಿದ್ದು 1873ರಲ್ಲಿ. ಡ್ರೆಸ್ಡೆನ್ ನಗರದಲ್ಲಿ ಗಂಡ ಹ್ಯೂಗೊ, ಇಬ್ಬರು ಗಂಡುಮಕ್ಕಳೊಂದಿಗೆ ಸಂಸಾರ. ಆಗಿನ ಕಾಫಿಯಲ್ಲಿ ಚರಟ ಬಾಯಿಗೆ ಸಿಗುತ್ತಿತ್ತು, ಕಹಿಯೂ ಹೆಚ್ಚು. ಬಟ್ಟೆಯಲ್ಲಿ ಸೋಸಿದರೆ ಆ ಬಟ್ಟೆ ತೊಳೆಯುವುದೇ ಒಂದು ಕೆಲಸ. ಈಕೆ ಹಿತ್ತಾಳೆ ಪಾತ್ರೆಯೊಂದರ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ನೋಟ್‌ಬುಕ್ಕಿನಲ್ಲಿದ್ದ ಶಾಯಿ ಹೀರುವ ಕಾಗದವನ್ನು ಹಾಸಿ, ಪುಡಿ ಹಾಕಿ ಬಿಸಿನೀರು ಸುರಿದರು. ಚರಟವಿಲ್ಲದ ತಿಳಿ ಕಾಫಿ ಇಳಿಯಿತು.

ಇಲ್ಲಿಗೇ ನಿಂತಿದ್ದರೆ ಅದೊಂದು ಮನೆಮದ್ದಿನಂತೆ ನೆರೆಹೊರೆಯಲ್ಲೇ ಉಳಿಯುತ್ತಿತ್ತು. ಅವರು ಬಿಡಲಿಲ್ಲ. 1908ರಲ್ಲಿ ಬರ್ಲಿನ್ನಿನ ಪೇಟೆಂಟ್ ಕಚೇರಿಯಲ್ಲಿ ನೋಂದಣಿ ಮಾಡಿಸಿದರು. ಅದೇ ಡಿಸೆಂಬರಿನಲ್ಲಿ ಕಂಪನಿ ತೆರೆದರು. ಬಂಡವಾಳ 73 ಫೆನಿಗ್, ಅಂದರೆ ಒಂದು ಮಾರ್ಕೂ ಇಲ್ಲ! ಮನೆಯೇ ಕಾರ್ಖಾನೆ, ಗಂಡನೂ ಮಕ್ಕಳೂ ಕೆಲಸದಾಳುಗಳು. ಮಕ್ಕಳು ಕೈಗಾಡಿಯಲ್ಲಿ ಮಾಲು ಸಾಗಿಸುತ್ತಿದ್ದರು. ಮರುವರ್ಷ ಲೈಪ್ಜಿಗ್ ಜಾತ್ರೆಯಲ್ಲಿ 1,200 ಫಿಲ್ಟರು ಮಾರಾಟವಾದವು.

ಮೊದಲ ಮಹಾಯುದ್ಧ ಎಲ್ಲವನ್ನೂ ಕಿತ್ತುಕೊಂಡಿತು. ಹ್ಯೂಗೊ ಸೈನ್ಯಕ್ಕೆ ಹೋಗಬೇಕಾಯಿತು. ಲೋಹ ಯುದ್ಧದ ಪಾಲು, ಕಾಗದಕ್ಕೆ ರೇಷನ್, ಕಾಫಿ ಬೀಜದ ಆಮದೇ ಬಂದ್. ಗಂಡ ದೂರದಲ್ಲಿರುವಾಗ ಮನೆ ನಡೆಸುವ ಕಷ್ಟವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಲಿಟ್ಟಾ ರಟ್ಟಿನ ಪೆಟ್ಟಿಗೆ ಮಾರಿ ಸಂಸಾರ ತೂಗಿಸಿದರು.

ಯುದ್ಧ ಮುಗಿದ ಮೇಲೆ ವ್ಯಾಪಾರ ಬೆಳೆಯಿತು, ಡ್ರೆಸ್ಡೆನ್ನಿನಲ್ಲಿ ಜಾಗ ಸಾಲದಾಯಿತು. 1929ರಲ್ಲಿ ಕಾರ್ಖಾನೆ ಮಿಂಡೆನ್‌ಗೆ ಹೋಯಿತು. ಮುಂದೆ ಆಡಳಿತವನ್ನು ಮಕ್ಕಳಿಗೆ ವಹಿಸಿದರೂ ಕೆಲಸಗಾರರ ಕ್ಷೇಮವನ್ನು ಅವರು ಮರೆಯಲಿಲ್ಲ. ಕ್ರಿಸ್‌ಮಸ್ ಬೋನಸ್ ಬಂತು, ವಾರ್ಷಿಕ ರಜೆ 6 ದಿನದಿಂದ 15ಕ್ಕೇರಿತು, ವಾರಕ್ಕೆ 5 ದಿನದ ಕೆಲಸವೂ ಬಂತು. ನಮಗೆ ಫಿಲ್ಟರಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಆದರೆ ಇದೇ ಕಂಪನಿ ಎರಡನೇ ಮಹಾಯುದ್ಧದಲ್ಲಿ ನಾಜಿ ಆಡಳಿತಕ್ಕೆ ಯುದ್ಧಸಾಮಗ್ರಿಯನ್ನೂ ತಯಾರಿಸಿತು. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಇಂದು ಅಂಗಡಿಯಲ್ಲಿ ಸಿಗುವ ಕೋನಾಕಾರದ ಫಿಲ್ಟರು 1930ರ ದಶಕದ್ದು. ನಮ್ಮ ಹಿತ್ತಾಳೆ ಫಿಲ್ಟರಿಗೂ ಇದಕ್ಕೂ ವ್ಯತ್ಯಾಸವಿದೆ. ನಮ್ಮದರಲ್ಲಿ ತೂತಿನ ತಟ್ಟೆ ಮಾತ್ರ. ಡಿಕಾಕ್ಷನ್ ನಿಧಾನ ಇಳಿದು ಗಟ್ಟಿಯಾಗಿರುತ್ತದೆ, ಹಾಲಿಗೆ ಹೇಳಿ ಮಾಡಿಸಿದಂತೆ. ಕಾಗದ ಬೀಜದ ಎಣ್ಣೆಯನ್ನೂ ಹಿಡಿದಿಡುತ್ತದೆ. ಕಾಫಿ ತೆಳ್ಳಗೆ, ತಿಳಿಯಾಗಿ ಬರುತ್ತದೆ, ಬೀಜದ ಪರಿಮಳ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಊರಿಂದ ಚಿಕೋರಿ ಬೆರೆಸಿದ ನುಣ್ಣನೆ ಪುಡಿ ಕಳಿಸುವವರು ಗಮನಿಸಿ: ಕಾಗದದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಚಿಕ್ಕಮಗಳೂರಿನ ಅರೇಬಿಕಾವನ್ನು ಚಿಕೋರಿಯಿಲ್ಲದೆ, ತುಸು ತರಿಯಾಗಿ ಬೀಸಿಸಿ ಕಳಿಸಿದರೆ ಚೆನ್ನ.

ಮೆಲಿಟ್ಟಾ ತೀರಿಕೊಂಡದ್ದು 1950ರ ಜೂನ್‌ನಲ್ಲಿ, 77ನೇ ವಯಸ್ಸಿನಲ್ಲಿ. ಕಂಪನಿ ಈಗಲೂ ಮಿಂಡೆನ್ನಿನಲ್ಲೇ ಇದೆ, ಅವರ ಮನೆತನದ ಒಡೆತನದಲ್ಲೇ.